ಕೆಂಪು ದಾರದ ಮೇಸ್ತ್ರಿ

ಆ ಬೀದಿಯಲ್ಲಿ ಮೇಸ್ತ್ರಿಯ ಜತೆ ಜಗಳ ಆಡದವರು ಯಾರಾದರೂ ಇದ್ದರೆ ಅವರು ಬೀದಿಗೆ ಹೊಸಬರು ಎಂದೇ ಅರ್ಥ. ಅಂಚೆಯವನು ಅವನ ಕಾಗದಗಳನ್ನು ಗೇಟಿನ ಸಂದಿಗೆ ತುರುಕಿ ಹಿಂದಿರುಗಿ ನೋಡದೆ ಹೋಗುತ್ತಿದ್ದ. ಎದುರಿನ ಟೈರು ಅಂಗಡಿಯವನು ಹನ್ನೊಂದು ವರ್ಷದಿಂದ ಅವನಿಗೆ ಬೆನ್ನು ಹಾಕಿಕೊಂಡೇ ಪಂಚರ್ ಹಾಕುತ್ತಿದ್ದ. ಮೂಗಿನ ತುದಿಯಲ್ಲೇ ಕೋಪ ಎನ್ನುತ್ತಾರಲ್ಲ, ಮೇಸ್ತ್ರಿಗೆ ಅದು ಮೂಗಿನಿಂದ ಇಳಿದು ಮೈಯೆಲ್ಲ ಹರಡಿತ್ತು. ಬೆಳಿಗ್ಗೆ ಶೆಡ್ಡಿನ ಬಾಗಿಲು ಎತ್ತುವಾಗ ಬಾಗಿಲಿಗೂ ನಾಲ್ಕು ಬೈಯುತ್ತಿದ್ದ.

ಇಷ್ಟಾದರೂ ದೊಡ್ಡ ಮನೆಗಳ ಹಳೇ ಕಾರುಗಳು ಅವನನ್ನೇ ಹುಡುಕಿಕೊಂಡು ಬರುತ್ತಿದ್ದವು. ಕಾರಣ ಒಂದೇ. ಅಂಥ ಕಾರುಗಳಲ್ಲಿ ಮೊದಮೊದಲು ಬಂದ ಕ್ರೂಸ್ ಕಂಟ್ರೋಲ್ ಕೆಟ್ಟರೆ ಸರಿಮಾಡುವವರು ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ. ಈಗಿನಂತೆ ಕಂಪ್ಯೂಟರಿನ ಕೆಲಸವಲ್ಲ ಅದು. ಇಂಜಿನ್ ಗಾಳಿಯನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಆ ಹೀರುವ ಬಲವನ್ನು ಒಂದು ಪೈಪಿನಲ್ಲಿ ತಂದು ರಬ್ಬರಿನ ಸಣ್ಣ ತಿದಿಗೆ ಕೊಡುತ್ತಾರೆ. ತಿದಿ ಕುಗ್ಗಿ ಆಕ್ಸಿಲರೇಟರಿನ ತಂತಿಯನ್ನು ಎಳೆದು ಹಿಡಿಯುತ್ತದೆ, ಕಾರು ಕಾಲಿನ ಹಂಗಿಲ್ಲದೆ ಇಟ್ಟ ವೇಗದಲ್ಲೇ ಓಡುತ್ತದೆ. ಬ್ರೇಕ್ ತುಳಿದರೆ ಪೆಡಲಿನ ಹಿಂದಿರುವ ಬಟಾಣಿ ಗಾತ್ರದ ಬಾಯಿ ತೆರೆದು ಹೊರಗಿನ ಗಾಳಿ ನುಗ್ಗುತ್ತದೆ, ತಿದಿ ಸಡಿಲಾಗಿ ಹಿಡಿತ ಬಿಡುತ್ತದೆ. ಅಷ್ಟೇ. ಆದರೆ ಈ ಪೈಪುಗಳಲ್ಲಿ ಎಲ್ಲೋ ಒಂದು ಕೂದಲೆಳೆ ಬಿರುಕು ಬಿಟ್ಟರೂ ಇಡೀ ವ್ಯವಸ್ಥೆ ಮುನಿಸಿಕೊಂಡು ಕೂರುತ್ತದೆ. ಬಿರುಕು ಎಲ್ಲಿದೆ ಎಂದು ಕಂಡುಹಿಡಿಯುವುದೇ ವಿದ್ಯೆ.

ಅದಕ್ಕಾಗಿ ಮೇಸ್ತ್ರಿ ಗಟ್ಟಿ ಮರದಲ್ಲಿ ಹನ್ನೆರಡು ಬಿರಡೆ ಕೆತ್ತಿಟ್ಟುಕೊಂಡಿದ್ದ. ಒಂದೊಂದೇ ಪೈಪಿನ ಬಾಯಿಗೆ ಬಿರಡೆ ಹಾಕಿ ಮುಚ್ಚುತ್ತ ಹೋದರೆ ಗಾಳಿ ಎಲ್ಲಿ ಸೋರುತ್ತಿದೆ ಎಂದು ತಿಳಿಯುತ್ತದೆ. ಪೆಡಲಿನ ಪೈಪಿಗೆ ಹಾಕುವ ಬಿರಡೆ ಮಾತ್ರ ಅಪಾಯದ್ದು. ಅದನ್ನು ಮರೆತು ಬಿಟ್ಟರೆ ಬ್ರೇಕ್ ತುಳಿದರೂ ತಿದಿ ಬಿಡುವುದಿಲ್ಲ. ಆದ್ದರಿಂದ ಪ್ರತಿ ಬಿರಡೆಗೂ ಮೊಳದುದ್ದದ ಕೆಂಪು ದಾರ ಕಟ್ಟಿ, ಪೆಡಲಿನ ಮುಂದೆ ಕಣ್ಣಿಗೆ ರಾಚುವ ಹಾಗೆ ಇಳಿಬಿಡುತ್ತಿದ್ದ. ದಾರ ಕಂಡರೆ ಕಾರು ಮುಟ್ಟಬೇಡ. ದಾರ ಇಲ್ಲದಿದ್ದರೆ ಬಿರಡೆಯೂ ಇಲ್ಲ. ಶೆಡ್ಡಿನ ಕಾನೂನು ಇದು. ಬಂದವರಿಗೆಲ್ಲ ಈ ಪಾಠ ಹೇಳಿ ಹೇಳಿಯೇ ಅವನಿಗೆ ಕೆಂಪು ದಾರದ ಮೇಸ್ತ್ರಿ ಎಂಬ ಹೆಸರು ಬಿತ್ತು. ಎಲ್ಲ ಹೆಸರಿಗೂ ಸಿಡುಕುವ ಮನುಷ್ಯ ಈ ಹೆಸರಿಗೆ ಮಾತ್ರ ಒಳಗೊಳಗೇ ಉಬ್ಬುತ್ತಿದ್ದ.

ದಾರ ಅವನದಲ್ಲ, ಅಕ್ಕನದು. ಅಕ್ಕ ಅದೇ ಶೆಡ್ಡಿನ ಇನ್ನೊಂದು ಮಗ್ಗುಲಲ್ಲಿ ಕಾರಿನ ಸೀಟು ಹೊಲಿಯುತ್ತಿದ್ದಳು. ಅವಳ ನೈಲಾನ್ ದಾರದ ಉಂಡೆಯಿಂದ ಕೇಳದೆ ಎಳೆದುಕೊಳ್ಳುವುದು ಇವನ ಹುಟ್ಟುಗುಣ, "ಕಳ್ಳ, ಕಳ್ಳ" ಎಂದು ಕೂಗುವುದು ಅವಳ ಹುಟ್ಟುಗುಣ. ಅಕ್ಕನ ಗಂಡ, ಅಂದರೆ ಭಾವ, ರಿಪೇರಿಯಾದ ಕಾರುಗಳನ್ನು ಓಡಿಸಿ ನೋಡಿ ಮನೆಗಳಿಗೆ ತಲುಪಿಸುತ್ತಿದ್ದ. ಮೂವರೂ ಒಂದೇ ಕೆಟಲ್ಲಿನ ಚಹಾ ಕುಡಿಯುತ್ತಿದ್ದರು. ಆಗ ಶೆಡ್ಡಿನ ನಡುವೆ ತಗಡಿನ ಗೋಡೆ ಇರಲಿಲ್ಲ.

ಗೋಡೆ ಎದ್ದು ಹದಿನಾಲ್ಕು ವರ್ಷ. ಅವತ್ತು ಒಬ್ಬ ಯಜಮಾನರ ಕೆನೆಬಣ್ಣದ ದೊಡ್ಡ ಕಾರು ಸಿದ್ಧವಾಗಿತ್ತು. ಇಂಜಿನ್ ಕೆಲಸ ಮೇಸ್ತ್ರಿಯದು, ಕೆಂಪು ಚರ್ಮದ ಸೀಟುಗಳು ಅಕ್ಕನದು. ಮೇಸ್ತ್ರಿ ಗೇಟಿನ ಹತ್ತಿರ ಬಣ್ಣ ಹೊಡೆಯುವವನ ಜತೆ ಕಾಲು ಕೆರೆದು ಜಗಳ ಆಡಿ ಬಂದ. ಕಾರಿನೊಳಗೆ ಇಣುಕಿದ. ಪೆಡಲಿನ ಮುಂದೆ ದಾರ ಇರಲಿಲ್ಲ. "ಒಂದು ರೌಂಡು ಹೊಡ್ಕೊಂಡು ಬನ್ನಿ ಭಾವ, ಕ್ರೂಸ್ ಹಾಕಿ ನೋಡಿ" ಎಂದ. ಅರ್ಧ ಗಂಟೆಯಲ್ಲಿ ಸುದ್ದಿ ಬಂತು. ಇಳಿಜಾರಿನ ತಿರುವಿನಲ್ಲಿ ಕಾರು ನಿಲ್ಲದೆ ಕಲ್ಲಿನ ಗೋಡೆಗೆ ಹೋಗಿ ಗುದ್ದಿತ್ತು. ಭಾವನ ಬಲಗಾಲನ್ನು ಮೊಣಕಾಲಿನಿಂದ ಕೆಳಗೆ ಉಳಿಸಲು ಆಗಲಿಲ್ಲ.

"ಬ್ರೇಕ್ ತುಳಿದೆ, ಅದು ಇನ್ನೂ ಜಾಸ್ತಿ ಎಳೀತು" ಎಂದ ಭಾವ ಆಸ್ಪತ್ರೆಯಲ್ಲಿ.

"ಗಾಬರೀಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ತುಳಿದಿದ್ದಾರೆ" ಎಂದ ಮೇಸ್ತ್ರಿ. ಯಜಮಾನರಿಗೆ ಹೇಳಿದ, ಪೊಲೀಸರಿಗೆ ಹೇಳಿದ, ಬೀದಿಗೆಲ್ಲ ಹೇಳಿದ. ಕಾಲು ಕಳೆದುಕೊಂಡವನ ತಲೆ ಮೇಲೇ ಗೂಬೆ ಕೂರಿಸಿ ಕೈ ತೊಳೆದುಕೊಂಡ. ಯಜಮಾನರು ಜಖಂ ಆದ ಮುಂಭಾಗವನ್ನು ಬೇರೆ ಕಡೆ ತಟ್ಟಿಸಿ ಕಾರನ್ನು ಬೀಗ ಹಾಕಿ ನಿಲ್ಲಿಸಿದರು, ಮತ್ತೆ ಹತ್ತಲಿಲ್ಲ. ಅಕ್ಕ ತಮ್ಮನನ್ನು ನಂಬಲಿಲ್ಲ. "ನನ್ನ ಗಂಡನ ಕಾಲು ತಿಂದೋನು ನೀನು" ಎಂದಳು. ಮಾರನೇ ವಾರ ತಗಡು ಎದ್ದಿತು. ಅಂದಿನಿಂದ ಅವಳು ತಗಡಿನಾಚೆ ಹೊಲಿಗೆ ಯಂತ್ರ ತುಳಿಯುತ್ತ ಶಾಪ ಹಾಕುವುದು, ಇವನು ಈಚೆಯಿಂದ ಸುತ್ತಿಗೆಯಲ್ಲಿ ತಗಡು ಬಡಿದು ಉತ್ತರ ಕೊಡುವುದು. ಭಾವ ಅವಳ ಮಗ್ಗುಲಲ್ಲಿ ಹಳೇ ಸೀಟುಗಳ ಮೊಳೆ ಕೀಳುತ್ತ ಕೂರುತ್ತಿದ್ದ. ಕೇಳಿ ಕೇಳಿ ಕೊನೆಗೆ ಅವನೇ "ನನ್ನ ಕಾಲೇ ತಪ್ಪಿರಬೇಕು ಬಿಡೇ" ಎನ್ನತೊಡಗಿದ್ದ.

ಒಂದು ಮಾತು ಮೇಸ್ತ್ರಿ ಯಾರಿಗೂ ಹೇಳಿರಲಿಲ್ಲ. ಆ ಸಂಜೆ ಪೆಟ್ಟಿಗೆಯಲ್ಲಿ ಹನ್ನೊಂದೇ ಬಿರಡೆ ಇದ್ದವು. ಎಲ್ಲೋ ಉರುಳಿರಬೇಕು ಎಂದುಕೊಂಡ. ಮರುದಿನ ಹನ್ನೆರಡನೆಯದನ್ನು ಕೆತ್ತಿ ಜಾಗ ತುಂಬಿಸಿದ. ಅಷ್ಟು ಅವಸರ ಯಾಕೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಈಗ ಯಜಮಾನರು ತೀರಿಕೊಂಡಿದ್ದರು. ಅವರ ಮಗಳು ಅದೇ ಕೆನೆಬಣ್ಣದ ಕಾರನ್ನು ಲಾರಿಯ ಮೇಲೆ ಹೊರಿಸಿಕೊಂಡು ಬಂದು ಶೆಡ್ಡಿನ ಮುಂದೆ ಇಳಿಸಿದಳು.

"ಹಳೇ ಕಾರುಗಳ ಪ್ರದರ್ಶನಕ್ಕೆ ಹೋಗ್ಬೇಕು ಮೇಸ್ತ್ರಿಗಳೇ. ಕ್ರೂಸ್ ಕಂಟ್ರೋಲ್ ಸಮೇತ ಎಲ್ಲ ನಡೀಬೇಕು."

ಮೇಸ್ತ್ರಿ ಬೇರೆ ಹೊತ್ತಾಗಿದ್ದರೆ ಆಗಲ್ಲ ಎಂದು ಬಾಗಿಲು ಎಳೆಯುತ್ತಿದ್ದ. ಆದರೆ ತಗಡಿನಾಚೆ ಹೊಲಿಗೆ ಯಂತ್ರ ಗಕ್ಕನೆ ನಿಂತಿತ್ತು. "ಬಿಟ್ಟು ಹೋಗಿ" ಎಂದ. ಈ ಕಾರಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ತೋರಿಸಿ ಅಕ್ಕನ ಬಾಯಿಗೆ ಒಂದೇ ಸಲ ಬೀಗ ಹಾಕಬೇಕು ಎಂಬ ಹಟ ಹತ್ತಿತು.

ಮೂರು ದಿನ ಒಬ್ಬನೇ ದುಡಿದ. ಒಡೆದ ತಿದಿ ಬದಲಿಸಿದ, ಚೂರುಚೂರಾಗುತ್ತಿದ್ದ ಮುಖ್ಯ ಪೈಪನ್ನು ಕಿತ್ತು ಹೊಸದು ಹಾಕಿದ, ಸ್ಪೀಡೋಮೀಟರಿನ ಕೇಬಲ್ಲಿಗೆ ಗ್ರೀಸ್ ತುಂಬಿದ. ನಾಲ್ಕನೇ ದಿನ ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ ನಿಲ್ಲಿಸಿ ಇಂಜಿನ್ ಹಚ್ಚಿದ. ಮುಳ್ಳು ಮೇಲೇರಿತು. ಕ್ರೂಸಿನ ಗುಂಡಿ ಒತ್ತಿ ಆಕ್ಸಿಲರೇಟರಿನಿಂದ ಕಾಲು ತೆಗೆದ. ತಿದಿ ಹಿಡಿಯಿತು, ಮುಳ್ಳು ಅಲುಗಲಿಲ್ಲ. ನಗು ಬರದ ಮುಖದಲ್ಲಿ ನಗುವಿನಂಥದ್ದೇನೋ ಬಂತು. ಆಮೇಲೆ ಬ್ರೇಕ್ ತುಳಿದ.

ತಿದಿ ಹಿಡಿತ ಬಿಡಲಿಲ್ಲ. ವೇಗ ಇಳಿಯಿತೆಂದು ತಿಳಿದ ಯಂತ್ರ ಆಕ್ಸಿಲರೇಟರನ್ನು ಇನ್ನೂ ಜಗ್ಗಿತು. ಇಂಜಿನ್ ಅರಚತೊಡಗಿತು, ಬ್ರೇಕಿನಿಂದ ಸುಟ್ಟ ವಾಸನೆ ಬಂತು. "ಬ್ರೇಕ್ ತುಳಿದೆ, ಅದು ಇನ್ನೂ ಜಾಸ್ತಿ ಎಳೀತು." ಭಾವನ ಮಾತು ಅಕ್ಷರ ತಪ್ಪದೆ ಕಿವಿಯಲ್ಲಿ ಕೇಳಿತು. ಮೇಸ್ತ್ರಿ ಕೀಲಿ ತಿರುಗಿಸಿ ಇಂಜಿನ್ ಆರಿಸಿದ. ಕೀಲಿಗೂ ಬೈದ.

ಅಂಗಾತ ಮಲಗಿ ಬ್ಯಾಟರಿ ಹಿಡಿದು ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದ. ಪೆಡಲಿನ ಮೇಲ್ಗಡೆ, ಹೊರಗಿನಿಂದ ನೋಡಿದರೆ ಕಾಣದ ಮೂಲೆಯಲ್ಲಿ, ಪೈಪಿನ ಬಾಯಲ್ಲಿ ಅವನ ಬಿರಡೆ ಕೂತಿತ್ತು. ಅವನೇ ಕೆತ್ತಿದ್ದು. ಅದರ ಕೊರಳಿಗೆ ಅವನೇ ಹಾಕಿದ ಗಂಟು, ಗಂಟಿನಿಂದ ಕೆಳಗೆ ಬೆರಳುದ್ದದ ಕೆಂಪು ದಾರ. ಅಷ್ಟೇ ಉಳಿದಿತ್ತು. ದಾರ ಹರಿದಿರಲಿಲ್ಲ. ಸೊಗಸಾಗಿ ಕತ್ತರಿಸಿ, ತುದಿ ಬಿಚ್ಚದಂತೆ ಬೆಂಕಿ ತಾಗಿಸಿ, ಸಾಸಿವೆಯಂಥ ಗುಂಡು ಮಾಡಿದ್ದರು.

ಲೈಟರ್ ಹಚ್ಚಿ ದಾರದ ತುದಿಗೆ ಹಾಗೆ ಗುಂಡು ಕೂರಿಸುವವರು ಇಡೀ ಬೀದಿಯಲ್ಲಿ ಒಬ್ಬರೇ. ಅವತ್ತು ಕಾರು ಹೊರಡುವ ಮುಂಚೆ ಅಕ್ಕ ಒಳಗೆ ಮಲಗಿ ಕಾರ್ಪೆಟ್ಟಿನ ಅಂಚು ಕೂರಿಸಿದ್ದಳು. ಕೆಂಪು ಸೀಟಿಗೆ ಹೊಲಿದ ಅದೇ ಕೆಂಪು ದಾರ ನೇತಾಡುವುದು ಕಂಡಿದೆ, ತನ್ನ ಹೊಲಿಗೆಯದೇ ಎಂದುಕೊಂಡು ಕತ್ತರಿಸಿ ತುದಿ ಸುಟ್ಟಿದ್ದಾಳೆ. ನೇತಾಡುವ ದಾರ ಬಿಟ್ಟು ಎದ್ದವಳಲ್ಲ ಅವಳು.

ಮೇಸ್ತ್ರಿಗೆ ಮೊದಲು ಆದದ್ದು ಸಂತೋಷ, ಮುಚ್ಚಿಡುವುದೇನು. ಹದಿನಾಲ್ಕು ವರ್ಷ ಕಿವಿಗೆ ಸುರಿದ ಶಾಪವನ್ನೆಲ್ಲ ಒಂದೇ ಏಟಿಗೆ ಹಿಂದಿರುಗಿಸುವ ಆಯುಧ ಕೈಗೆ ಸಿಕ್ಕಿತ್ತು. ಬಿರಡೆಯನ್ನು ಮುಷ್ಟಿಯಲ್ಲಿ ಹಿಡಿದು ದಾಪುಗಾಲು ಹಾಕುತ್ತ ಬೀದಿಯ ಕಡೆಯಿಂದ ಸುತ್ತಿ ಅಕ್ಕನ ಬಾಗಿಲಿಗೆ ಹೋದ.

"ಏನೋ, ದಾರ ಕದಿಯೋಕೆ ಬಂದ್ಯಾ?" ಎಂದಳು ಅಕ್ಕ, ಕತ್ತರಿ ಕೆಳಗಿಡದೆ.

"ಸಿಕ್ತು" ಎಂದ ಮೇಸ್ತ್ರಿ. "ಬ್ರೇಕಿನ ಪೈಪಲ್ಲಿ ಬಿರಡೆ ಇತ್ತು."

ಮೂಲೆಯಲ್ಲಿ ಹಳೇ ಸೀಟಿನ ಮೊಳೆ ಕೀಳುತ್ತಿದ್ದ ಭಾವ ಇಕ್ಕಳ ಕೆಳಗಿಟ್ಟ. ಗೋಡೆ ಹಿಡಿದು ಎದ್ದ. ಮರದ ಕಾಲು ಟಕ್ ಎಂದಿತು.

"ಹಾಗಾದ್ರೆ..." ಎಂದ. "ಹಾಗಾದ್ರೆ ನನ್ನ ಕಾಲು ತಪ್ಪಿರ್ಲಿಲ್ವಾ? ನಾನು ಬ್ರೇಕೇ ತುಳಿದಿದ್ನಾ?"

"ಬ್ರೇಕೇ ತುಳಿದಿದ್ರಿ ಭಾವ."

ಭಾವ ಹೆಂಡತಿಯ ಮುಖ ನೋಡಿದ. ಅವಳು ಕಣ್ಣು ತುಂಬಿಕೊಂಡು, ಅದಕ್ಕಿಂತ ಹೆಚ್ಚು ಸಿಟ್ಟು ತುಂಬಿಕೊಂಡು, ತಮ್ಮನ ಮುಂದೆ ಕೈ ಚಾಚಿದಳು. "ಕೊಡು ಇಲ್ಲಿ. ನೋಡ್ತೀನಿ."

ಮೇಸ್ತ್ರಿ ಮುಷ್ಟಿ ಬಿಚ್ಚಲಿಲ್ಲ. ಅವಳು ಒಂದು ಸಲ ನೋಡಿದರೆ ಸಾಕು, ದಾರದ ತುದಿ ಸುಟ್ಟದ್ದು ತನ್ನದೇ ಕೈ ಎಂದು ಅವಳಿಗೆ ಗೊತ್ತಾಗಿಬಿಡುತ್ತದೆ. ಇದನ್ನೇ ತಾನೇ ಬಯಸಿ ಬಂದದ್ದು? ಆದರೆ ಬಿರಡೆ ಎಣಿಸದೆ ಕಾರು ಬಿಟ್ಟವನು ಅವಳಲ್ಲ. ಹನ್ನೊಂದು ಕಂಡು ಹನ್ನೆರಡನೆಯದನ್ನು ಕೆತ್ತಿದವನು ಅವಳಲ್ಲ. ಎದುರಿಗೆ ಭಾವ ಮರದ ಕಾಲೂರಿ ನಿಂತು ಅವಳ ಹೆಗಲು ಹಿಡಿದಿದ್ದ. ಮೇಸ್ತ್ರಿ ಮನಸ್ಸಿನಲ್ಲೇ ಅಕ್ಕನಿಗೊಂದು, ಭಾವನಿಗೊಂದು, ತನಗೆ ಹತ್ತು ಬೈಗುಳ ಬೈದುಕೊಂಡ. ಮುಷ್ಟಿಯೊಳಗೇ ಹೆಬ್ಬೆರಳಿನ ಉಗುರು ಊರಿ ಗಂಟು ಜಾರಿಸಿ ದಾರ ಕಿತ್ತ. ಬರೀ ಬಿರಡೆಯನ್ನು ಅವಳ ಅಂಗೈಗೆ ಹಾಕಿದ.

ಅಕ್ಕ ತಿರುಗಿಸಿ ತಿರುಗಿಸಿ ನೋಡಿದಳು.

"ದಾರ ಎಲ್ಲೋ?" ಎಂದಳು. "ಬಂದೋರಿಗೆಲ್ಲ ಪಾಠ ಹೇಳ್ತೀಯಲ್ಲ, ಕೆಂಪು ದಾರ ಕೆಂಪು ದಾರ ಅಂತ. ನನ್ನ ಗಂಡ ಹತ್ತೋ ಕಾರಿಗೆ ದಾರ ಎಲ್ಲಿ?"

ಕಿತ್ತ ತುಂಡು ಮೇಸ್ತ್ರಿಯ ಮುಷ್ಟಿಯಲ್ಲೇ ಇತ್ತು. ತುದಿಯ ಗುಂಡು ಅಂಗೈಗೆ ಒತ್ತುತ್ತಿತ್ತು.

"ಕಟ್ಟಿರ್ಲಿಲ್ಲ" ಎಂದ.

ಅಕ್ಕ ಬಿರಡೆಯನ್ನು ಅವನ ಎದೆಗೆ ಎಸೆದಳು. "ಹೋಗು ಆಚೆ. ಸತ್ರೂ ಈ ಬಾಗಿಲಿಗೆ ಬರ್ಬೇಡ."

ಮರುದಿನದ ಹೊತ್ತಿಗೆ ಮಾತು ಬೀದಿಯ ಕೊನೆ ಮುಟ್ಟಿತ್ತು. ಭಾವ ಊರುಗೋಲು ಹಿಡಿದು ಅಂಗಡಿ ಅಂಗಡಿಗೂ ಹೋಗಿ "ನಾನು ಬ್ರೇಕೇ ತುಳಿದಿದ್ದೆ" ಎಂದು ಹೇಳಿ ಬಂದಿದ್ದ. ಮೇಸ್ತ್ರಿ ಶೆಡ್ಡಿನ ಬಾಗಿಲು ಎತ್ತುವಾಗ ಟೈರು ಅಂಗಡಿಯವನು ಹನ್ನೊಂದು ವರ್ಷದಲ್ಲಿ ಮೊದಲ ಸಲ ಈ ಕಡೆ ತಿರುಗಿ, "ಏನ್ ದಾರ ಇಲ್ಲದ ಮೇಸ್ತ್ರಿ, ಇವತ್ತು ಯಾರ ಕಾಲು?" ಎಂದು ಕೂಗಿದ. ಮೇಸ್ತ್ರಿ ಕೈಗೆ ಸಿಕ್ಕ ಸ್ಪ್ಯಾನರ್ ಬೀಸಿ ಎಸೆದ. ಬಾಯಿ ಮಾತ್ರ ತೆರೆಯಲಿಲ್ಲ.