ನಾನೂರ ಹನ್ನೊಂದನೆಯ ಮುಖ

ಇತಿಹಾಸ ಸಂಗ್ರಹಾಲಯಕ್ಕೆ ಸೋಮವಾರ ರಜೆ. ನೋಡಲು ಬರುವವರಿಗೆ ಮಾತ್ರ ರಜೆ. ಧೂಳಿಗೆ ರಜೆ ಎಂಬುದಿಲ್ಲ. ಆದ್ದರಿಂದ ಅಲ್ಲಿ ಮೂವತ್ತಾರು ವರ್ಷ ಧೂಳು ಒರೆಸಿದ ಹೆಂಗಸಿಗೆ ಸೋಮವಾರವೇ ಮುಖ್ಯ ಕೆಲಸದ ದಿನ. ಬೆಳಿಗ್ಗೆ ಒಂಬತ್ತಕ್ಕೆ ಹಿಂಬಾಗಿಲಿನಿಂದ ಒಳಗೆ ಹೋದರೆ ಸಂಜೆ ಐದಕ್ಕೆ ಹೊರಗೆ. ಉಳಿದ ದಿನ ಬಂದವರಿಗೆಲ್ಲ "ಮುಟ್ಟಬೇಡಿ, ಮುಟ್ಟಬೇಡಿ" ಎನ್ನುವುದು ಆಕೆಯ ಕೆಲಸ. ಸೋಮವಾರ ಮಾತ್ರ ತಾನೇ ಎಲ್ಲವನ್ನೂ ಮುಟ್ಟುವ ಕೆಲಸ. ಅಲ್ಲಿನವರ ಬಾಯಲ್ಲಿ ಆಕೆ ಸೋಮವಾರದಕ್ಕ.

ಜನರಿಲ್ಲದ ಸಂಗ್ರಹಾಲಯ ಸುಮ್ಮನೆ ಇರುವುದಿಲ್ಲ ಎಂದು ಅಕ್ಕ ಹೇಳುತ್ತಿದ್ದಳು. ಹತ್ತೂವರೆಯ ಬಿಸಿಲು ಕಿಟಕಿ ದಾಟಿ ಗಾಜಿನ ಪೆಟ್ಟಿಗೆಗಳ ಮೇಲೆ ಬಿದ್ದಾಗ ಅವು ಒಂದೊಂದಾಗಿ ಟಿಕ್ ಎನ್ನುತ್ತವೆ, ಒಳಗಿನಿಂದ ಯಾರೋ ಉಗುರಲ್ಲಿ ಬಡಿದ ಹಾಗೆ. ಮೊದಲ ಕೋಣೆಯಲ್ಲಿ ಶುರುವಾದದ್ದು ಎರಡನೆಯದಕ್ಕೆ ಹೋಗಿ, ಮೂರನೆಯ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ಮೂರನೆಯ ಕೋಣೆಯಲ್ಲಿ ಗಾಜಿಲ್ಲ. ಅಲ್ಲಿರುವುದು ಐದು ಪ್ಲಾಸ್ಟರ್ ಗೊಂಬೆಗಳು. ಗೋಡೆಯ ಮೇಲೆ "ಪ್ರಾಚೀನ ಜನಜೀವನ" ಎಂಬ ಫಲಕ. ಒಬ್ಬ ಬೇಟೆಗಾರ, ಒಬ್ಬ ಕುಂಬಾರ, ಎರಡು ಮಕ್ಕಳು, ಒಬ್ಬಳು ಬೀಸುವ ಹೆಂಗಸು.

ಕಾವಲುಗಾರ ಆ ಕೋಣೆಯಲ್ಲಿ ಮಧ್ಯಾಹ್ನ ಕುರ್ಚಿ ಹಾಕುತ್ತಿರಲಿಲ್ಲ.

"ಆ ಬೀಸೋಳು ನನ್ನೇ ನೋಡ್ತಾಳೆ ಅಕ್ಕ. ಈ ಕಡೆ ಕೂತ್ರೂ ನೋಡ್ತಾಳೆ, ಆ ಕಡೆ ಕೂತ್ರೂ ನೋಡ್ತಾಳೆ."

"ನಿನ್ನ ಹೆಂಡ್ತಿ ಹೇಳಿ ಕಳ್ಸಿರ್ಬೇಕು ಬಿಡು, ಇವನ ಮೇಲೆ ಒಂದು ಕಣ್ಣಿಟ್ಟಿರು ಅಂತ."

ಅಕ್ಕ ನಕ್ಕು ಮಾತು ತೇಲಿಸಿದಳು. ಆ ಮುಖ ತನ್ನ ತಾಯಿಯದು ಎಂದು ಮಾತ್ರ ಮೂವತ್ತಾರು ವರ್ಷದಲ್ಲಿ ಅಲ್ಲಿ ಯಾರಿಗೂ ಹೇಳಿರಲಿಲ್ಲ.

ತಾಯಿ ಅದೇ ಕಟ್ಟಡದಲ್ಲಿ ಕಸ ಗುಡಿಸುತ್ತಿದ್ದವಳು. ಗೊಂಬೆ ಮಾಡಲು ಬಂದ ಶಿಲ್ಪಿಗೆ ಅಚ್ಚು ತೆಗೆಯಲು ಒಂದು ಹೆಣ್ಣುಮುಖ ಬೇಕಿತ್ತು. ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗಬೇಕು. ಸಾಹೇಬರ ಮನೆಯವರನ್ನು ಕೇಳಲು ಆಗುತ್ತದೆಯೇ? ಕಸ ಗುಡಿಸುವವಳನ್ನು ಕೇಳಬೇಕಾಗಿಯೇ ಇಲ್ಲ, "ಬಾರಮ್ಮ ಇಲ್ಲಿ" ಎಂದರೆ ಸಾಕು. ಮುಖಕ್ಕೆ ಎಣ್ಣೆ ಹಚ್ಚಿ, ಮೂಗಿನ ಹೊಳ್ಳೆಗಳಿಗೆ ಕಾಗದದ ಎರಡು ಕೊಳವೆ ಸಿಕ್ಕಿಸಿ, ಮೇಲೆ ಒದ್ದೆ ಪ್ಲಾಸ್ಟರ್ ಸುರಿದರು. ಏಳು ವರ್ಷದ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೊದಲು ಹಣೆ ಹೋಯಿತು, ಆಮೇಲೆ ಕಣ್ಣು, ಆಮೇಲೆ ಬಾಯಿ. ಕೊನೆಗೆ ಬೆಂಚಿನ ಮೇಲೆ ಉಳಿದದ್ದು ಅಮ್ಮನ ಸೀರೆ ಉಟ್ಟ ಒಂದು ಮೈ, ಕತ್ತಿನ ಮೇಲೊಂದು ಬಿಳಿ ಗುಡ್ಡೆ, ಆ ಗುಡ್ಡೆಯಿಂದ ಬರುವ ಸಿಳ್ಳಿನಂಥ ಉಸಿರು. ಮಗಳು ಕಿರುಚಿದಳು. ಮೈ ಒಂದು ಬೆರಳು ಎತ್ತಿತು: ತಾಳು.

ಅಚ್ಚು ಕಿತ್ತಾಗ ಹುಬ್ಬಿನ ನಾಲ್ಕು ಕೂದಲೂ ಕಿತ್ತುಬಂದವು. ಅಚ್ಚಿನಿಂದ ಗೊಂಬೆಯ ಮುಖಕ್ಕೆ ದಾಟಿ ಈಗಲೂ ಎಡ ಹುಬ್ಬಿನಲ್ಲಿ ಸಿಕ್ಕಿಕೊಂಡಿವೆ. ಮುಚ್ಚಿದ್ದ ಕಣ್ಣುಗಳ ಮೇಲೆ ಶಿಲ್ಪಿ ತೆಳ್ಳಗೆ ಮಣ್ಣು ಮೆತ್ತಿ, ತೆರೆದ ಕಣ್ಣು ಬರೆದ. ಅವು ಯಾರ ಕಣ್ಣೋ, ಆ ಶಿಲ್ಪಿಯೇ ಬಲ್ಲ.

ಅದಾಗಿ ಎರಡು ವರ್ಷಕ್ಕೆ ತಾಯಿ ಸತ್ತಳು. ಹಳೆಯ ಚರ್ಮದ ಸಾಮಾನಿಗೆ ಹುಳು ಹತ್ತದಂತೆ ಆಗ ಬಿಳಿಯ ವಿಷ ಬಳಿಯುತ್ತಿದ್ದರು, ಅದನ್ನು ಆಕೆ ಬರಿಗೈಯಲ್ಲಿ ಒರೆಸುತ್ತಿದ್ದಳು. ಅಂಗೈ ಮೊದಲು ಒರಟಾಯಿತು, ಆಮೇಲೆ ಕಪ್ಪು ಚುಕ್ಕಿ ಎದ್ದವು. ಸಾವಿರ ವರ್ಷದ ಹಿಂದೆ ಯಾವ ದೊರೆ ಯಾವ ಕಾಯಿಲೆಯಿಂದ ಸತ್ತ ಎಂದು ಹೇಳಬಲ್ಲ ಸಂಸ್ಥೆ, ತನ್ನ ಕಸಬರಿಗೆ ಹಿಡಿದವಳು ಯಾಕೆ ಸತ್ತಳು ಎಂದು ಕೇಳಲಿಲ್ಲ. ಆಕೆಯದೊಂದು ಫೋಟೋ ಇರಲಿಲ್ಲ. ಒಂಬತ್ತು ವರ್ಷದ ಮಗಳ ಕಂಕುಳಲ್ಲಿ ಹನ್ನೊಂದು ತಿಂಗಳ ತಮ್ಮ ಇದ್ದ.

ಆ ತಮ್ಮ ಈಗ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಹನ್ನೆರಡು ವರ್ಷದವನಿದ್ದಾಗ ಅಕ್ಕ ಒಮ್ಮೆ ಅವನನ್ನು ಮೂರನೆಯ ಕೋಣೆಗೆ ಕರೆದುಕೊಂಡು ಹೋಗಿ, "ನೋಡು, ಅಮ್ಮ" ಎಂದಿದ್ದಳು. ಅವನು ಆ ಕಣ್ಣುಗಳನ್ನು ನೋಡಿ ಮೂರು ಹೆಜ್ಜೆ ಹಿಂದೆ ಸರಿದು ಓಡಿದ. ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ. ಆದರೆ ಐವತ್ತು ದಾಟಿದ ಮೇಲೂ, ಊಟಕ್ಕೆ ಕೂತಾಗ, ತಲೆ ಎತ್ತದೆ ಕೇಳುತ್ತಿದ್ದ:

"ಅಮ್ಮ ಹೇಗಿದ್ಲು ಅಕ್ಕ?"

"ಹೇಗಿದ್ಲು ಅಂದ್ರೆ? ಹೀಗೇ, ನಮ್ಮ ಹಾಗೆ."

ನಿವೃತ್ತಿಗೆ ಒಂದು ವರ್ಷ ಉಳಿದಾಗ ಅಕ್ಕ ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿದಳು. ಹೋಗುವಾಗ ಆ ಮುಖವನ್ನು ಇಲ್ಲಿ ಬಿಟ್ಟು ಹೋಗಬಾರದು, ತಮ್ಮನ ಮನೆಗೆ ಒಯ್ಯಬೇಕು. ಹೇಗೆ ಎಂಬುದು ಗೊತ್ತಿರಲಿಲ್ಲ.

ಬೇಸಿಗೆಯಲ್ಲಿ ಶಾಲೆಯ ಮಕ್ಕಳು ಬಂದವು. ಒಂದು ಹುಡುಗಿ ಅಕ್ಕನ ಮುಖವನ್ನೂ ಗೊಂಬೆಯ ಮುಖವನ್ನೂ ಎರಡೆರಡು ಸಲ ನೋಡಿ, ಟೀಚರ ಸೆರಗು ಎಳೆಯಿತು: "ಮಿಸ್, ಈ ಅಜ್ಜಿ ಅಲ್ಲೂ ಕೂತಿದಾರೆ."

ಅಜ್ಜಿ! ಗೊಂಬೆಯ ಹೆಂಗಸಿಗೆ ಮೂವತ್ತರ ಪ್ರಾಯ. ಅಕ್ಕ ಆ ಸೋಮವಾರ ದೀಪ ಹಾಕಿಕೊಂಡು ಹತ್ತಿರದಿಂದ ನೋಡಿದಳು. ಕಣ್ಣಿನ ತುದಿಯಲ್ಲಿ, ಬಾಯಿಯ ಪಕ್ಕ, ಹಣೆಯಲ್ಲಿ ಸಣ್ಣ ಸಣ್ಣ ಬಿರುಕು. ತನ್ನ ಕೈಗನ್ನಡಿ ತೆಗೆದು ಪಕ್ಕದಲ್ಲಿ ಹಿಡಿದಳು. ಹಣೆಯ ಮೂರು ಗೆರೆ, ಇಲ್ಲಿ ಮೂರು, ಅಲ್ಲಿ ಮೂರು. ಕನ್ನಡಿ ಚೀಲಕ್ಕೆ ಹಾಕಿ ಎರಡನೆಯ ಕೋಣೆಗೆ ಹೋದಳು. ಆ ದಿನ ಮೂರನೆಯದರ ಧೂಳು ಹಾಗೇ ಉಳಿಯಿತು.

ಮಳೆಗಾಲ ಮುಗಿಯುತ್ತಿದ್ದಂತೆ ಹೊಸ ಕ್ಯುರೇಟರ್ ಬಂದರು. ಚುರುಕಿನ ಮೇಡಂ, ಕೆಟ್ಟವರಲ್ಲ. ಎರಡು ಆದೇಶ ಹೊರಡಿಸಿದರು. ಒಂದು, ಮೂರನೆಯ ಕೋಣೆಗೆ ದೊಡ್ಡ ವಿಡಿಯೋ ಪರದೆಗಳು ಬರುತ್ತವೆ, ಕೋಣೆಯನ್ನು ಜನರಿಗೆ ಮುಚ್ಚಿ ಗೊಂಬೆಗಳನ್ನು ಒಡೆದು ಸಾಗಿಸಬೇಕು. ಎರಡು, ಈ ಸಲದ ವಾರ್ಷಿಕ ತಪಾಸಣೆಯಲ್ಲಿ ಪ್ರತಿ ವಸ್ತುವಿನ ಫೋಟೋ ತೆಗೆದು ಕಂಪ್ಯೂಟರಿಗೆ ಏರಿಸಬೇಕು.

ವಾರ್ಷಿಕ ತಪಾಸಣೆ ಎಂದರೆ ಹೀಗೆ: ಗುಮಾಸ್ತ ದಾಖಲೆ ಪುಸ್ತಕ ಹಿಡಿದು ಸಂಖ್ಯೆ ಕೂಗುತ್ತಾನೆ, ಉಗ್ರಾಣದ ಕಪಾಟಿನ ಬಳಿ ನಿಂತ ಸೋಮವಾರದಕ್ಕ "ಇದೆ" ಎಂದು ಕೂಗುತ್ತಾಳೆ. ಸಂಖ್ಯೆಯೇ ವಸ್ತುವಿನ ಜೀವ. ಬೆನ್ನಿನಲ್ಲೋ ತಳದಲ್ಲೋ ಪುಟ್ಟದಾಗಿ ಸಂಖ್ಯೆ ಬರೆದಿದ್ದರೆ ಒಡೆದ ಗಡಿಗೆಯ ಚೂರನ್ನೂ ಯಾರೂ ಬಿಸಾಡುವಂತಿಲ್ಲ. ಸಂಖ್ಯೆ ಇಲ್ಲದ್ದು ಮೇಜು, ಕುರ್ಚಿ, ಬಕೆಟ್ಟು. ಗೊಂಬೆಗಳಿಗೆ ಸಂಖ್ಯೆ ಇರಲಿಲ್ಲ.

ಇನ್ನು ಸಂಖ್ಯೆ ನಾನೂರ ಹನ್ನೊಂದು: "ಮುಖ, ಒಂದು, ಸ್ತ್ರೀ, ಮಣ್ಣಿನದು." ಹದಿನೆಂಟು ವರ್ಷದ ಹಿಂದೆ ಹೊರಗಿನ ಯಾವುದೋ ಪ್ರದರ್ಶನಕ್ಕೆ ಹೋಗಿ ಬಂದ ಆ ಪೆಟ್ಟಿಗೆ ತೆರೆದರೆ ಬರೀ ಹತ್ತಿ. ಆಗಿನ ಸಾಹೇಬರು "ಸುಮ್ನೆ ಇದೆ ಅನ್ರಿ, ಆಮೇಲೆ ನೋಡೋಣ" ಎಂದರು. ಆಮೇಲೆ ಯಾರೂ ನೋಡಲಿಲ್ಲ. ಹದಿನೆಂಟು ವರ್ಷ ಗುಮಾಸ್ತ ಕೂಗಿದ, ಅಕ್ಕ ಖಾಲಿ ಪೆಟ್ಟಿಗೆಯ ಮುಂದೆ ನಿಂತು "ಇದೆ" ಎಂದಳು, ಹದಿನೆಂಟು ಸಹಿ ಬಿತ್ತು.

"ಈ ಸಲ ಫೋಟೋ ಅಕ್ಕ," ಗುಮಾಸ್ತ ತಲೆ ಹಿಡಿದುಕೊಂಡು ಕೂತ. "ಹತ್ತಿ ಫೋಟೋ ತೆಗೀಲಾ? ನನ್ನ ಪಿಂಚಣಿ ಹೋಯ್ತು, ನಿಮ್ಮದೂ ಹೋಯ್ತು."

ಅಕ್ಕನ ತಲೆಯಲ್ಲಿ ಆಗ ಓಡುತ್ತಿದ್ದದ್ದು ಒಂದೇ: ಶುಕ್ರವಾರ ಸುತ್ತಿಗೆಯವರು ಬರುತ್ತಾರೆ. ಮುಖ ಉಳಿಯಬೇಕು. ಉಳಿಯಬೇಕಾದರೆ ಸಂಖ್ಯೆ ಬೇಕು. ಯಜಮಾನನಿಲ್ಲದ ಸಂಖ್ಯೆಯೊಂದು ಉಗ್ರಾಣದಲ್ಲಿ ಇದೆ.

ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಆಕೆ ಗರಗಸದ ಅಲಗೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೂರನೆಯ ಕೋಣೆಗೆ ಹೋದಳು. ಟಿಕ್ ಟಿಕ್ ಸದ್ದು ಬಾಗಿಲವರೆಗೆ ಹಿಂಬಾಲಿಸಿ ನಿಂತಿತು. ಬೀಸುವ ಹೆಂಗಸಿನ ಮುಂದೆ ಮಂಡಿಯೂರಿ, "ಸ್ವಲ್ಪ ತಾಳಮ್ಮ" ಎಂದಳು. ಕಿವಿಯ ಹಿಂದಿನಿಂದ ಕೊಯ್ಯತೊಡಗಿದಳು. ಪ್ಲಾಸ್ಟರು ಕೊಯ್ಯುವ ಸದ್ದು ಹಲ್ಲು ಕಡಿಯುವ ಸದ್ದಿನ ಹಾಗೆ. ಗಲ್ಲದ ಕೆಳಗೆ ಅಲಗು ಬಂದಾಗ ತಲೆಯೊಳಗಿನ ಟೊಳ್ಳಿನಿಂದ ಬೆಚ್ಚನೆಯ ಗಾಳಿ ಕೈಮೇಲೆ ಸುಳಿಯಿತು. ಐವತ್ತಮೂರು ವರ್ಷ ಒಳಗೆ ಸಿಕ್ಕಿಕೊಂಡ ಗಾಳಿ. ಬಿಸಿಲಿಗೆ ಕಾದಿತ್ತು ಎನ್ನಬಹುದು. ಆದರೆ ಗೊಂಬೆ ಇದ್ದದ್ದು ಬಿಸಿಲು ಬೀಳದ ಮೂಲೆಯಲ್ಲಿ.

ಮುಖ ಕಳಚಿ ಮಡಿಲಿಗೆ ಬಿತ್ತು. ಬಿದ್ದ ರಭಸಕ್ಕೆ ಕಣ್ಣಿನ ಮೇಲೆ ಮೆತ್ತಿದ್ದ ಮಣ್ಣು ಸಡಿಲವಾಗಿ ಬಣ್ಣದ ಸಮೇತ ಉದುರಿತು. ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಕೆಳಗೆ ಮುಚ್ಚಿದ ರೆಪ್ಪೆಗಳು. ಐವತ್ತಮೂರು ವರ್ಷ ಎಲ್ಲರನ್ನೂ ದಿಟ್ಟಿಸಿದ್ದ ಹೆಂಗಸು ಮಗಳ ಮಡಿಲಲ್ಲಿ ಕಣ್ಣು ಮುಚ್ಚಿದಳು. ಅಕ್ಕ ಅಲ್ಲೇ ನೆಲದ ಮೇಲೆ ಕೂತಿದ್ದಳು, ಎಷ್ಟು ಹೊತ್ತೋ. ಬೇಟೆಗಾರ, ಕುಂಬಾರ, ಮಕ್ಕಳು ಬೇರೆ ಕಡೆ ನೋಡುತ್ತಿದ್ದರು.

ಆಮೇಲೆ ಕೈ ತಾನೇ ಕೆಲಸ ಮಾಡಿತು. ಕೆಮ್ಮಣ್ಣಿನ ನೀರು ಬಳಿದು ಒಣಗಿಸಿದಳು. ಮುಖದ ಒಳಬದಿಗೆ ಒಂದು ಬೆರಳಗಲ ವಾರ್ನಿಶ್ ಹಚ್ಚಿ, ಅದರ ಮೇಲೆ ಕಪ್ಪು ಶಾಯಿಯಲ್ಲಿ 411 ಎಂದು ಬರೆದು, ಮೇಲೆ ಮತ್ತೊಂದು ಪದರ ವಾರ್ನಿಶ್ ಎಳೆದಳು. ಖಾಲಿ ಪೆಟ್ಟಿಗೆಯ ಹತ್ತಿಯ ಮೇಲೆ ಮಲಗಿಸಿದಳು.

ತಪಾಸಣೆಯ ದಿನ ಮೇಡಂ ಸ್ವತಃ ನಿಂತಿದ್ದರು. "ನಾನೂರ ಹನ್ನೊಂದು," ಎಂದ ಗುಮಾಸ್ತನ ದನಿ ಬಾವಿಯಿಂದ ಬಂದಂತಿತ್ತು. "ಇದೆ," ಎಂದು ಅಕ್ಕ ಮುಚ್ಚಳ ತೆಗೆದಳು. ಗುಮಾಸ್ತ ಇಣುಕಿದ. ಹದಿನೆಂಟು ವರ್ಷ ಇಲ್ಲದ ಮುಖ ಅಲ್ಲಿ ಮಲಗಿತ್ತು. ಮೇಡಂ ಸಂಖ್ಯೆ ನೋಡಿದರು, ಪುಸ್ತಕ ನೋಡಿದರು, ಫೋಟೋ ತೆಗೆಸಿದರು. ಹೀಗೆ ತಾಯಿಯ ಮೊದಲ ಫೋಟೋ ಕಂಪ್ಯೂಟರಿಗೆ ಏರಿತು: "ಅಪರಿಚಿತ ಸ್ತ್ರೀ, ಸುಮಾರು ಸಾವಿರದ ಇನ್ನೂರು ವರ್ಷ ಹಳೆಯದು." ಓದಿದವರ ಕಣ್ಣಿಗೆ ಹುಬ್ಬಿನ ನಾಲ್ಕು ಕೂದಲು ಕಾಣಲಿಲ್ಲ. ಸಂಖ್ಯೆ ಸರಿಯಿದ್ದರೆ ಮುಖವನ್ನು ಯಾರು ನೋಡುತ್ತಾರೆ?

ಶನಿವಾರ ಕಾವಲುಗಾರ ಹಲ್ಲು ಕಿರಿಯುತ್ತ ಬಂದ. "ಅಕ್ಕ, ಆ ಗೊಂಬೆ ಒಡೆದ್ರಲ್ಲ, ಲಾರಿ ಅರ್ಧ ದಿನ ಹಿಂದುಗಡೆ ನಿಂತಿತ್ತು. ಬೇಕಾದೋರು ಬೇಕಾದ್ದು ತಗೊಂಡು ಹೋದ್ರು. ಬೇಟೆಗಾರನ ಕೈ ನಮ್ಮನೇಲಿದೆ, ಅಂಗಿ ನೇತು ಹಾಕಕ್ಕೆ. ಬೀಸೋಳಿಗೆ ಮಾತ್ರ ಮುಖಾನೇ ಇರ್ಲಿಲ್ಲ ನೋಡಿ, ಯಾವನೋ ಮೊದ್ಲೇ ಹೊಡ್ಕೊಂಡು ಹೋಗಿದಾನೆ."

"ಯಾರೂ ಕೇಳ್ಲಿಲ್ವಾ? ಚೀಟಿ, ಸಹಿ?"

"ಕಸಕ್ಕೆ ಯಾರು ಸಹಿ ಕೇಳ್ತಾರೆ! ನೀವು ಹೇಳಿದ್ರೆ ಇಡೀ ಗೊಂಬೇನೇ ಮನೆಗೆ ತಂದು ಇಳಿಸ್ತಿದ್ದೆ."

ಅಕ್ಕ ಹೂಂ ಎಂದಳು. ಮೂವತ್ತಾರು ವರ್ಷ ಅಲ್ಲಿ ದುಡಿದ ಮನುಷ್ಯರು ಮಾತ್ರ ಮಾಡಬಲ್ಲ ತಪ್ಪು ಅದು. ಬೀದಿಯ ಯಾವ ಹೆಂಗಸಾದರೂ ಲಾರಿಯಿಂದ ಎತ್ತಿಕೊಂಡು ಹೋಗುತ್ತಿದ್ದಳು. ಸಂಖ್ಯೆ ಇಲ್ಲದೆ ಯಾವುದೂ ಉಳಿಯದು ಎಂದು ನಂಬಿಸಿದ ಕಟ್ಟಡ ಆಕೆಯ ಕೈಯಿಂದಲೇ ಆಕೆಯ ತಾಯಿಗೆ ಸಂಖ್ಯೆ ಬರೆಸಿಕೊಂಡಿತು. ಬದುಕಿದ್ದಾಗ ಕಸಬರಿಗೆಗೆ, ಸತ್ತ ಮೇಲೆ ಕಪಾಟಿಗೆ. ಈಗ ತಾಯಿ ಸರ್ಕಾರದ ಸ್ವತ್ತು. ಹೊರಗೆ ಒಯ್ದರೆ ಕಳ್ಳತನ. ನಿಜ ಹೇಳಿದರೆ ಹದಿನೆಂಟು ವರ್ಷದ ಸುಳ್ಳು ಬಿಚ್ಚುತ್ತದೆ, ಇಬ್ಬರ ಪಿಂಚಣಿ ಹೋಗುತ್ತದೆ.

ಗುಮಾಸ್ತನಿಗೆ ಒಂದು ಮಧ್ಯಾಹ್ನ ಮೆಲ್ಲಗೆ ಹೇಳಿದಳು, ಅದು ಯಾರ ಮುಖ ಎಂದು. ಅವನು ಫೋಟೋವಿನ ಪ್ರಿಂಟ್ ತೆಗೆದು ಕವರಿನಲ್ಲಿ ಹಾಕಿ ಕೊಟ್ಟ. ತಮ್ಮ ಅದನ್ನು ಎಣ್ಣೆಗೈಯಲ್ಲಿ ಹಿಡಿದು ನೋಡಿದ. ಕೆನ್ನೆಯ ಪಕ್ಕ ಅಳತೆಪಟ್ಟಿ, ಗಲ್ಲದ ಕೆಳಗೆ ಸಂಖ್ಯೆಯ ಚೀಟಿ.

"ಪೊಲೀಸ್ರು ಕಳ್ಳರ ಫೋಟೋ ತೆಗೆದ ಹಾಗಿದೆಯಲ್ಲ ಅಕ್ಕ," ಎಂದು ವಾಪಸು ಕೊಟ್ಟ. ಕೈ ಒರೆಸಿಕೊಳ್ಳುತ್ತ ಕೇಳಿದ: "ಕಣ್ಣು ಮುಚ್ಚಿದಾಳಾ?"

"ಮುಚ್ಚಿದಾಳೆ."

"ಹಾಗಾದ್ರೆ ಬರ್ತೀನಿ."

ಅಕ್ಕನ ಕೊನೆಯ ಕೆಲಸದ ದಿನ, ಮೂರು ಗಂಟೆಗೆ, ತಮ್ಮ ಒಗೆದ ಅಂಗಿ ಹಾಕಿಕೊಂಡು ಬಂದ. ಗುಮಾಸ್ತ ಉಗ್ರಾಣದ ಬೀಗ ತೆಗೆದ. ಮೂವರೂ ಒಳಗೆ ಹೋದರು. ಅಕ್ಕ ಮುಚ್ಚಳ ಎತ್ತಿದಳು.

ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿದ. "ನನ್ನ ಮಗಳು ಮಲಗಿದ್ರೆ ಹೀಗೇ ಕಾಣ್ತಾಳೆ," ಎಂದ, ಬಹಳ ಸಣ್ಣ ದನಿಯಲ್ಲಿ. ಆಮೇಲೆ, "ಉಸಿರಾಡ್ತಿದಾಳಾ ಅಕ್ಕ?"

"ಇಲ್ಲ ಕಣೋ. ಪ್ಲಾಸ್ಟರು."

"ಹತ್ತಿ ಅಲ್ಲಾಡ್ತಿದೆ."

ಗುಮಾಸ್ತ ಫ್ಯಾನಿನ ಕಡೆ ನೋಡಿದ. ಉಗ್ರಾಣದಲ್ಲಿ ಫ್ಯಾನು ಇರಲಿಲ್ಲ. ತಮ್ಮ ಇನ್ನಷ್ಟು ಬಾಗಿ ಎಡ ಹುಬ್ಬನ್ನು ಹತ್ತಿರದಿಂದ ನೋಡಿದ, ಮುಟ್ಟಲಿಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಅಕ್ಕ ಮುಚ್ಚಳ ಹಾಕಿದಳು.

ಹೊರಗೆ ಬಂದು ಬೀಗ ತಿರುಗಿಸುವ ಮೊದಲು ಗುಮಾಸ್ತ ಕತ್ತಲ ಕೋಣೆಯೊಳಗೆ ಇನ್ನೊಮ್ಮೆ ಕತ್ತು ಚಾಚಿದ. "ಎಲ್ರೂ ಬಂದ್ರಾ?" ಎಂದ. ಅಕ್ಕ ತಮ್ಮ ಇಬ್ಬರೂ ಅವನ ಎದುರೇ ನಿಂತಿದ್ದರು.

ಉಗ್ರಾಣಕ್ಕೆ ಹೋದ ಹೊರಗಿನವರು ಒಂದು ಪುಸ್ತಕದಲ್ಲಿ ಬರೆಯಬೇಕು: ಹೆಸರು, ಉದ್ಯೋಗ, ಭೇಟಿಯ ಉದ್ದೇಶ. ಸಂಶೋಧನೆ, ಸಂಶೋಧನೆ, ಸಂಶೋಧನೆ ಎಂದು ಪುಟದ ತುಂಬ ಇತ್ತು. ತಮ್ಮ ಪೆನ್ನನ್ನು ಸ್ಪಾನರ್ ಹಿಡಿದ ಹಾಗೆ ಹಿಡಿದು, ಉದ್ದೇಶದ ಕೆಳಗೆ ದಪ್ಪಕ್ಷರದಲ್ಲಿ ಬರೆದ: ಅಮ್ಮನನ್ನು ನೋಡಲು.

ಗುಮಾಸ್ತ ಪುಸ್ತಕ ತನ್ನ ಕಡೆ ತಿರುಗಿಸಿ ಓದಿದ.

"ಇದು ಖಾಯಂ ದಾಖಲೆ ಕಣಪ್ಪ. ಒಂದ್ಸಲ ಬರೆದ್ರೆ ಹೊಡೆದುಹಾಕೋಕೆ ಬರಲ್ಲ."

"ಹೊಡೀಬೇಡಿ," ಎಂದ ತಮ್ಮ.

ಗುಮಾಸ್ತ ಪಕ್ಕದಲ್ಲಿ ತನ್ನ ಸಹಿ ಹಾಕಿ, ಶಾಯಿ ಒಣಗುವವರೆಗೆ ಪುಸ್ತಕವನ್ನು ತೆರೆದೇ ಇಟ್ಟ.