ಕೂರ್ಮಗಡದ ಎದುರು ಆಯಿಯ ಪೂಜೆ

ಹಾಯಿದೋಣಿಯಲ್ಲಿ ಕೂತು ರಜೆ ಕಳೆಯುವ ಹುಚ್ಚು ಆಗ ನಮ್ಮ ಹಳಿಯಾಳದಲ್ಲಿ ಯಾರಿಗೂ ಇರಲಿಲ್ಲ. ನಮ್ಮಪ್ಪನಿಗೆ ಅದನ್ನು ಹಚ್ಚಿದವರು ದಾಂಡೇಲಿಯ ಒಬ್ಬ ಸಾಹೇಬರು. ಅಪ್ಪ ಬಿದಿರಿನ ವ್ಯಾಪಾರಿ, ಸಾಹೇಬರ ಪರಿಚಯ ಚೆನ್ನಾಗಿತ್ತು. ಅವರ ಗೆಳೆಯನೊಬ್ಬ ಕಾರವಾರದಲ್ಲಿ ಹಾಯಿಯ ದೋಣಿ ಇಟ್ಟುಕೊಂಡು, ಅದರೊಳಗೆ ಮಲಗುವ ಕೋಣೆ ಮಾಡಿಸಿ, ಆಫೀಸರುಗಳ ಸಂಸಾರಗಳನ್ನೂ ಗೋವೆಯಿಂದ ಬರುವ ಬಿಳಿಯರನ್ನೂ ನಡುಗಡ್ಡೆಗಳ ಸುತ್ತ ತಿರುಗಿಸುತ್ತಿದ್ದ. ಅದಕ್ಕೆ ಯಾಟ್ ಅನ್ನಬೇಕಂತೆ. ದೋಣಿಗೆ ದೋಣಿ ಅಂದರೆ ಏನು ಗಂಟು ಹೋಗುತ್ತದೋ!

ಎಂಬತ್ತರ ದಶಕದ ಶುರುವಿನ ಮಾತು. ನಾನು ಹುಬ್ಬಳ್ಳಿಯಲ್ಲಿ ಕಾಲೇಜು ಓದುತ್ತಿದ್ದೆ, ಬೇಸಿಗೆ ರಜೆಗೆ ಊರಿಗೆ ಬಂದಿದ್ದೆ. ಅವ್ವ ಸುತಾರಾಂ ಒಲ್ಲೆ ಅಂದಳು. ಹೊರಟು ನಿಂತವಳು ಆಯಿ, ಅಪ್ಪನ ತಾಯಿ. ಎಪ್ಪತ್ತು ದಾಟಿದ್ದರೂ ಆಕೆ ಸಮುದ್ರ ಕಂಡಿರಲಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಜೀಪಿನ ಮುಂದಿನ ಸೀಟಿನಲ್ಲಿ ಕೂತಳು. ಜೋಯಿಡಾ ದಾಟಿ ಅಣಶಿ ಘಟ್ಟ ಇಳಿಯುವಾಗ ನಾನು ಎರಡು ಸಲ ವಾಂತಿ ಮಾಡಿಕೊಂಡೆ. ಆಯಿ ಮಾತ್ರ ಗಟ್ಟಿ. ಈಗಿನ ಹುಡುಗಿಯರ ಹೊಟ್ಟೆ ಅರಿವೆಯದು ಅಂತ ನನ್ನನ್ನು ಆಡಿಕೊಂಡಳು.

ಮೊದಲ ದಿನ ಸುಖವಾಗಿಯೇ ಹೋಯಿತು. ಎರಡನೆಯ ಬೆಳಿಗ್ಗೆ ಕೂರ್ಮಗಡ ಎಂಬ ನಡುಗಡ್ಡೆಯ ಎದುರು ದೋಣಿ ಸಾಗುತ್ತಿತ್ತು. ಆಯಿ ಪೂಜೆಗೆ ಕೂತಳು. ನಮ್ಮವರಿಗೆ ಲಿಂಗ ಗುಡಿಯಲ್ಲಿಲ್ಲ, ಎದೆಯ ಮೇಲಿರುತ್ತದೆ. ದಿನಾ ಅದನ್ನು ಕರಡಿಗೆಯಿಂದ ತೆಗೆದು, ಎಡ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ಆಯಿ ಬಾಯಿಗೆ ನೀರು ಹಾಕುವುದು. ಕೆಳಗಿನ ಕೋಣೆಯಲ್ಲಿ ಕೂತುಕೋ ಅಂದರೆ ಕೇಳಲಿಲ್ಲ. ಅಲ್ಲಿ ಯಾರೋ ಮೀನು ಹುರಿದ ವಾಸನೆ ಇತ್ತು, ಅಲ್ಲಿ ತನ್ನ ಶಿವನನ್ನು ತೆಗೆಯುವುದಿಲ್ಲ ಎಂದಳು. ದೋಣಿ ನಡೆಸುವ ತಾಂಡೇಲನಿಗೆ ಇದು ಸರಿಬರಲಿಲ್ಲ. ಗಾಳಿ ತಿರುಗಿದರೆ ಹಾಯಿಯನ್ನು ಆಚೆ ಬದಿಗೆ ಹೊರಳಿಸಬೇಕು, ಆಗ ದೋಣಿ ವಾಲುತ್ತದೆ, ಕೂಗಿದ ತಕ್ಷಣ ಎರಡೂ ಕೈಯಿಂದ ಕಂಬಿ ಹಿಡಿಯಬೇಕು ಅಂತ ಹೇಳಿದ.

ಅವನು ಕೂಗಿದ. ನಾವು ಕಂಬಿ ಹಿಡಿದೆವು. ಆಯಿ ಹಿಡಿಯಲಿಲ್ಲ. ಅಂಗೈಯಲ್ಲಿ ಲಿಂಗವಿದ್ದಾಗ ಆಕೆಯ ಪಾಲಿಗೆ ಬೇರೆ ಜಗತ್ತು ಇರುತ್ತಿರಲಿಲ್ಲ. ದೋಣಿ ಸರಕ್ಕನೆ ವಾಲಿತು. ಅಪ್ಪ ಆಕೆಯ ಭುಜ ಗಟ್ಟಿಯಾಗಿ ಹಿಡಿದ, ಆಯಿ ಉಳಿದಳು. ನೀರು ಎರೆದ ಕರಿಯ ಲಿಂಗ ಅಂಗೈಯಿಂದ ಜಾರಿ, ಹಲಗೆಯ ಮೇಲೆ ಒಮ್ಮೆ ಪುಟಿದು, ಸಮುದ್ರಕ್ಕೆ ಹೋಯಿತು. ಆಯಿ ಖಾಲಿ ಅಂಗೈಯನ್ನು ಹಾಗೆಯೇ ಚಾಚಿಕೊಂಡು ಕೂತಿದ್ದಳು.

ತಾಂಡೇಲ ಲಂಗರು ಇಳಿಸಿ ನೀರಿಗೆ ಧುಮುಕಿದ. ಮುಳುಗಿ ಮುಳುಗಿ ಎದ್ದ, ಪ್ರತಿ ಸಲವೂ ಮುಷ್ಟಿಯಲ್ಲಿ ಕೆಸರು. ಪಾಪ, ಕಣ್ಣು ಕೆಂಡದ ಹಾಗೆ ಕೆಂಪಾಗಿದ್ದವು. ಕೊನೆಗೆ ಆಯಿಯೇ ಅವನನ್ನು ಮೇಲೆ ಕರೆದಳು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, ಪೇಟೆಗೆ ಹೋಗಿ ಬರುತ್ತೇನೆ ಅನ್ನುವಷ್ಟು ಸಲೀಸಾಗಿ ಹೇಳಿದಳು: "ಲಿಂಗ ಹೋತು. ಇನ್ನ ನಾ ಇರಬಾರದು. ಅಳಬ್ಯಾಡ್ರಿ."

ನನಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಕೊರಳ ಲಿಂಗ ಕಳೆದರೆ ಪ್ರಾಣ ಬಿಡಬೇಕು ಅಂತ ಹಳೆಯ ಮಂದಿ ಅನ್ನುತ್ತಿದ್ದರು, ಅದನ್ನು ಮಾತಿಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಈಕೆ ನಿಜಕ್ಕೂ ಬಾಯಿ ಮುಚ್ಚಿ ಕೂತುಬಿಟ್ಟಳು. ಹಿಂದಿನ ರಾತ್ರಿಯಿಂದ ಆಕೆಯ ಗಂಟಲಿಗೆ ಹನಿ ನೀರೂ ಇಳಿದಿರಲಿಲ್ಲ. ಅಷ್ಟರಲ್ಲಿ ಗಾಳಿಯೂ ಸತ್ತಿತು. ಹಾಯಿ ಜೋತುಬಿದ್ದಿತ್ತು, ದೋಣಿಗಿದ್ದ ಚಿಕ್ಕ ಎಂಜಿನ್ ಮೊದಲೇ ಕೆಟ್ಟಿತ್ತು, ಹತ್ತಿರದಲ್ಲಿ ಇನ್ನೊಂದು ದೋಣಿ ಇರಲಿಲ್ಲ. ನೆತ್ತಿ ಸುಡುವ ಬಿಸಿಲು. ಮಠದ ಸ್ವಾಮಿಗಳು ಮತ್ತೊಂದು ಲಿಂಗ ಕಟ್ಟುತ್ತಾರೆ ಅಂತ ಅಪ್ಪ ಪರಿಪರಿಯಾಗಿ ಹೇಳಿದ. ನಾನು ಅತ್ತೆ, ಕಾಲು ಹಿಡಿದೆ, ಬೈದೆ ಕೂಡ. ಇದೆಂಥ ದೇವರು, ಇದೆಂಥ ಹಟ ಅಂತ ಬಾಯಿಗೆ ಬಂದದ್ದನ್ನು ಅಂದೆ. ಆಯಿ ನನ್ನ ತಲೆ ಸವರಿ, ಗಂಟು ಬಿಚ್ಚಿ ನನ್ನ ಕೈಗೆ ರೊಟ್ಟಿ ಕೊಟ್ಟಳು.

ಹೊತ್ತು ಇಳಿಯುವಷ್ಟರಲ್ಲಿ ಆಯಿಯ ತುಟಿ ಒಡೆದಿದ್ದವು, ಕತ್ತು ನಿಲ್ಲುತ್ತಿರಲಿಲ್ಲ. ಮುದುಕಿ ನಾಳೆ ಬೆಳಗು ಕಾಣುವುದಿಲ್ಲ ಅಂತ ತಾಂಡೇಲ ಅಪ್ಪನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಅಪ್ಪ ಎದ್ದು ಆಯಿಯ ಎದುರು ಕೂತ. ಅಂಗಿಯ ಗುಂಡಿ ಬಿಚ್ಚಿ ತನ್ನ ಕರಡಿಗೆ ತೆಗೆದ. ಪೂಜೆ ಮಾಡಿ ಬೇಡಿಕೊಳ್ಳುತ್ತಾನೆ ಅಂದುಕೊಂಡೆ. ಒಂದು ದಿನವೂ ಪೂಜೆ ತಪ್ಪಿಸಿದವನಲ್ಲ ಅವನು, ಜ್ವರದಲ್ಲೂ ತಪ್ಪಿಸಿದವನಲ್ಲ. ಲಿಂಗವನ್ನು ಕಣ್ಣಿಗೊತ್ತಿಕೊಂಡ. ಕೈಯನ್ನು ಕಂಬಿಯ ಆಚೆ ಚಾಚಿದ. ಬಿಟ್ಟ.

ಬೆಳಿಗ್ಗೆ ಆದದ್ದು ಕೈತಪ್ಪು. ಇದು ಹಾಗಲ್ಲ.

"ಅವ್ವಾ, ಈಗ ನಂದೂ ಹೋತು," ಅಂದ ಅಪ್ಪ. "ನೀ ನೀರು ಕುಡದ್ರ ನಾ ಕುಡೀತೇನಿ. ಇಲ್ಲಾಂದ್ರ ಇಬ್ಬರೂ ಕೂಡೇ ಹೋಗೂಣು."

ಕತ್ತು ನಿಲ್ಲದ ಆಯಿಗೆ ಎಲ್ಲಿಂದ ಬಂತೋ ಶಕ್ತಿ, ಅಪ್ಪನ ಕೆನ್ನೆಗೆ ಫಟೀರೆಂದು ಬಾರಿಸಿದಳು. ಐವತ್ತರ ಸಮೀಪದ, ಊರಲ್ಲಿ ನಾಲ್ಕು ಮಂದಿ ಎದ್ದು ನಿಂತು ಮಾತಾಡಿಸುವ ಗಂಡಸು ನಮ್ಮಪ್ಪ. ಅವನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಆಯಿ ನನ್ನ ಕೈಯಲ್ಲಿದ್ದ ನೀರಿನ ತಂಬಿಗೆ ಕಸಿದುಕೊಂಡಳು. ಅಳುತ್ತ ಎರಡು ಗುಟುಕು ಕುಡಿದಳು, ಉಳಿದದ್ದನ್ನು ಅವನ ಗದ್ದ ಹಿಡಿದೆತ್ತಿ ಬಾಯಿಗೆ ಸುರಿದಳು. ಆಮೇಲೆ ಗಾಳಿ ಬಂತು, ದಂಡೆ ಸೇರಿದೆವು, ಹಳಿಯಾಳಕ್ಕೆ ಬಂದೆವು.

ಮರುದಿನ ಮಠಕ್ಕೆ ಹೋದೆವು. ನಾವು ಅಜ್ಜಾರು ಅನ್ನುವ ಸ್ವಾಮಿಗಳು ಆಯಿಯ ಮಾತನ್ನು ಸಮಾಧಾನದಿಂದ ಕೇಳಿ, ಬೇರೆ ಲಿಂಗ ಕಟ್ಟೋಣ ಅಂದರು. ಆಮೇಲೆ ಅಪ್ಪನ ಬರಿಗೊರಳು ನೋಡಿ, ನಿಮ್ಮದು ಹೇಗೆ ಹೋಯಿತು ಎಂದು ಕೇಳಿದರು. ಅವನು ಹೇಳಲಿಕ್ಕೇ ಬಾಯಿ ತೆರೆದಿದ್ದ, ಅದು ನನಗೆ ಗೊತ್ತು. ಕೈಯಾರೆ ಬಿಟ್ಟೆ ಅಂದಿದ್ದರೆ ಆ ಮಠದಲ್ಲಿ, ಊರಲ್ಲಿ ಅವನು ಮತ್ತೆ ತಲೆ ಎತ್ತುವಂತಿರಲಿಲ್ಲ.

ಆಯಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಸುಳ್ಳು ಹೇಳಿದ ನಾಲಿಗೆಯಿಂದ ಶಿವನ ಹೆಸರು ಹಿಡಿಯಬಾರದು ಅಂತ ನಮ್ಮನ್ನೆಲ್ಲ ಬೆಳೆಸಿದ ಹೆಂಗಸು ಆಕೆ.

"ಅವಂದೂ ಕೈ ಜಾರಿ ಬಿತ್ರಿ, ಅಜ್ಜಾರ," ಅಂದಳು. "ನಾ ಕಣ್ಣಾರೆ ನೋಡೇನಿ."