ನಾಲ್ಕು ಅಡಿಯಾಚೆ ಮಂಜು

ಕಾಕಾನ ಆ ಫೋಟೋದ ಬಗ್ಗೆ ನಾನು ಹೇಳುವುದು ಪ್ರತಿಸಲ ಬೇರೆಯಾಗುತ್ತದೆ. ಒಮ್ಮೆ ಹೇಳುವಾಗ ಕಿಟಕಿ ಎಡಕ್ಕಿರುತ್ತದೆ, ಇನ್ನೊಮ್ಮೆ ಬಲಕ್ಕೆ. ಬದಲಾಗದೆ ಉಳಿದದ್ದು ಒಂದು ಹಿತ್ತಾಳೆಯ ಬಳೆ. ಅದು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಅಲ್ಲಿಂದಲೇ ಶುರುಮಾಡುತ್ತೇನೆ.

ಅರವತ್ತರ ದಶಕ. ಧಾರವಾಡದಲ್ಲಿ ಅಣ್ಣನ ಸ್ಟುಡಿಯೋ, ನಾನು ಅಲ್ಲಿ ಅರೆ ಕೆಲಸಗಾರ, ಅರೆ ಕಿತಾಪತಿಗಾರ. ನಮ್ಮಲ್ಲಿ ಹಳೆಯದೊಂದು ಜರ್ಮನ್ ರೇಂಜ್‌ಫೈಂಡರ್ ಕ್ಯಾಮೆರಾ ಇತ್ತು. ಪಕ್ಕದ ಕಿಂಡಿಯಲ್ಲಿ ಕಣ್ಣಿಟ್ಟು, ಎರಡಾಗಿ ಕಾಣುವ ಬಿಂಬವನ್ನು ಒಂದಾಗಿಸಿ ದೂರ ಹಿಡಿಯುವಂಥದು. ಅದರ ಶಟರಿನ ಪರದೆ ಹರಿದುಹೋಗಿತ್ತು, ಉದ್ದನೆಯ ಲೆನ್ಸ್ ಮಾತ್ರ ಹೊಸದರಂತಿತ್ತು. ಅದನ್ನು ನನ್ನ ರಿಫ್ಲೆಕ್ಸ್ ಕ್ಯಾಮೆರಾಕ್ಕೆ ಕೂಡಿಸುವ ಹುಚ್ಚು ಹಿಡಿಯಿತು. ಎರಡರ ತಿರುಪೂ ಬೇರೆ. ಹುಬ್ಬಳ್ಳಿಯ ಲೇತ್ ಅಂಗಡಿಯಲ್ಲಿ ಕೂತು, ಒಳಗೊಂದು ಹೊರಗೊಂದು ತಿರುಪಿರುವ ಆ ಬಳೆ ಕೊರೆಸಿದೆ.

ಲೆನ್ಸ್ ಕೂತಿತು, ಆದರೆ ಕೂರಬೇಕಾದಲ್ಲಿ ಅಲ್ಲ. ರಿಫ್ಲೆಕ್ಸಿನಲ್ಲಿ ಲೆನ್ಸಿನ ಬಿಂಬವನ್ನು ಕಿಂಡಿಗೆ ತೋರಿಸಲು ಒಂದು ಕನ್ನಡಿ, ಹೊಟ್ಟೆಯೊಳಗೆ ಅದು ಏಳಲು ಜಾಗ ಬೇಕು, ಹಾಗಾಗಿ ಅದು ದಪ್ಪ. ಲೆನ್ಸ್ ಫಿಲ್ಮಿನಿಂದ ಹೆಚ್ಚು ದೂರ ನಿಂತುಬಿಟ್ಟಿತು. ನಾಲ್ಕು ಅಡಿಯೊಳಗೆ ಬಂದದ್ದರ ರೆಪ್ಪೆಗೂದಲನ್ನೂ ಬಿಡಿಸಿ ತೋರಿಸುವುದು, ಅದರಾಚೆ ಬರೀ ಮಂಜು. ಕೆಲಗೇರಿ ಕೆರೆಯ ಮುಂದೆ ನಿಂತು ಅದರೊಳಗೆ ನೋಡಿದರೆ ಕೆರೆ ಇಲ್ಲ, ದಂಡೆಯೂ ಇಲ್ಲ. ಬಟ್ಟೆ ಒಗೆಯುವ ಸಪ್ಪಳ ಮಾತ್ರ ಎಲ್ಲಿಂದಲೋ ಬರುತ್ತಿತ್ತು.

"ಮಂದಿ ದೂರದ್ದು ಕಾಣಲಿ ಅಂತ ಲೆನ್ಸ್ ಹಾಕ್ತಾರ, ನೀ ಕುರುಡಾಗಾಕ ಹಾಕೀದಿ" ಅಂದ ಅಣ್ಣ.

ರಿಫ್ಲೆಕ್ಸಿಗೆ ಇನ್ನೊಂದು ಗುಣವಿತ್ತು. ಒತ್ತಿದೊಡನೆ ಕನ್ನಡಿ ಎದ್ದು ಕಿಂಡಿ ಕಪ್ಪಾಗುವುದು. ಕೀಲಿ ತಿರುಗಿಸಿ ಫಿಲ್ಮು ಸರಿಸುವ ತನಕ ಕಪ್ಪೇ. ಫಿಲ್ಮಿನ ಮೇಲೆ ಬಿದ್ದ ಆ ಗಳಿಗೆಯನ್ನು ತೆಗೆದವನು ನೋಡಿರುವುದೇ ಇಲ್ಲ.

ಕಾಕಾ ರಾಯಾಪುರದಲ್ಲಿದ್ದ, ಹತ್ತಿ ವ್ಯಾಪಾರ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ್ದವ. ಮದುವೆಯಲ್ಲೂ ತೆಗೆಸಿಕೊಂಡಿರಲಿಲ್ಲ. ಒಂದು ಬೆಳಿಗ್ಗೆ ಅವನು ಹೋದನೆಂದು ಸುದ್ದಿ ಬಂದಾಗ ಅಣ್ಣ ಸ್ಟುಡಿಯೋದ ಕ್ಯಾಮೆರಾ ಹೊತ್ತು ಶಿರಗುಪ್ಪಿಯ ಮದುವೆಗೆ ಹೋಗಿದ್ದ. ನನ್ನ ಕೈಯಲ್ಲಿದ್ದದ್ದು ಈ ಕುರುಡು ಜೋಡಣೆ ಒಂದೇ.

ಕಾಕಾನ ಹೆಂಡತಿ ಚಿಗವ್ವ ನನ್ನನ್ನು ಬಾಗಿಲಲ್ಲೇ ಹಿಡಿದು ಹೇಳಿದಳು: "ಅವರ ಮಾರಿ ನನಗ ಒಂದು ಬೇಕು. ಇವತ್ತ ತಪ್ಪಿದ್ರ ಇಲ್ಲ."

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡ್ರಿಸುತ್ತಾರೆ. ತಲೆ ವಾಲದಂತೆ ಹಣೆಗೆ ಬಟ್ಟೆ ಕಟ್ಟಿ ಹಿಂದಿನ ಗೂಟಕ್ಕೆ ಬಿಗಿಯುತ್ತಾರೆ. ಕಾಕಾ ಕೂತಿದ್ದ. ಡಾಕ್ಟರು ಬಂದು ನೋಡಿ ಹೋಗಿದ್ದರು. ನಾನೂ ಕೈ ಮುಟ್ಟಿದ್ದೆ, ತಣ್ಣಗಿತ್ತು. ಇಷ್ಟನ್ನು ಮಾತ್ರ ಯಾವತ್ತೂ ಬೇರೆ ಥರ ಹೇಳಿಲ್ಲ.

ಸ್ಟ್ಯಾಂಡನ್ನು ನಾಲ್ಕು ಅಡಿಗೆ ಸರಿಸಿದೆ. ಮಂಜಿನೊಳಗಿಂದ ಮುಖ ಬಂತು. ಮುಚ್ಚಿದ ರೆಪ್ಪೆಯ ಕೂದಲಿನ ಮೇಲೆ ಫೋಕಸ್ ಹಿಡಿದೆ, ಅಲ್ಲಿ ವಿಭೂತಿಯ ಪುಡಿ ಕೂತಿತ್ತು. ಕೋಣೆ ಕತ್ತಲೆ, ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿದೆ. ಕಪ್ಪು. ಭಜನೆಯವರ ತಾಳ ಕೇಳುತ್ತಿತ್ತು. ಯಾರೋ ಹಿರಿಯರು "ಹೊತ್ತಾತು, ಎಬ್ಬಸ್ರಿ" ಅಂದರು. ಕೀಲಿ ತಿರುಗಿಸಿ ಮತ್ತೆ ನೋಡುವಷ್ಟರಲ್ಲಿ ಎತ್ತಿಬಿಟ್ಟಿದ್ದರು. ಕಿಂಡಿಯ ತುಂಬ ಮಂಜು, ಅದರಲ್ಲಿ ಏನೋ ಬಿಳಿಯದು ದೂರ ಹೋಗುತ್ತಿತ್ತು.

ಇಂಥ ಫೋಟೋಗಳಿಗೆ ಸ್ಟುಡಿಯೋದಲ್ಲಿ ಒಂದು ಕೆಲಸವಿತ್ತು, ಕಣ್ಣು ತೆರೆಸುವುದು. ಮುಚ್ಚಿದ ಕಣ್ಣಿನ ಫೋಟೋವನ್ನು ಯಾರೂ ಪಡಸಾಲೆಯಲ್ಲಿ ತೂಗುಹಾಕುವುದಿಲ್ಲ. ಅಣ್ಣ ಸಣ್ಣ ಕುಂಚದಿಂದ ಪ್ರಿಂಟಿನ ರೆಪ್ಪೆಯ ಮೇಲೆ ಗುಡ್ಡೆ ಬರೆದು, ಬಿಳಿಯ ಚುಕ್ಕೆ ಇಟ್ಟು ಎಬ್ಬಿಸಿ ಕೊಡುತ್ತಿದ್ದ. ಕಾಕಾನ ಪ್ರಿಂಟು ಅವನ ಮೇಜಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಕೂಗಿದ:

"ನನ್ನ ಕುಂಚ ಮುಟ್ಟಬ್ಯಾಡ ಅಂತ ಹೇಳಿಲ್ಲೇನು?"

"ಯಾರ ಮುಟ್ಟ್ಯಾರ?"

"ಮತ್ತ ಇವು ಯಾರ ತೆರಸ್ಯಾರ?"

ಕಣ್ಣು ತೆರೆದಿದ್ದವು. ಪೂರ್ತಿ ಅಲ್ಲ, ನಿದ್ದೆಯಿಂದ ಎದ್ದವರು ಬೆಳಕು ತಾಳದೆ ನೋಡುವಷ್ಟು. ಅಣ್ಣ ನೆಗೆಟಿವ್ ತೆಗೆದು ಕಿಟಕಿಗೆ ಹಿಡಿದ. ಅದರಲ್ಲೂ ಹಾಗೇ. ಕೊನೆಗೆ "ಸುಮ್ನ ಕೊಟ್ಟಬಿಡು. ನಾ ತೆರಸೇನಿ ಅಂತ ತಿಳಕೋತಾಳ" ಅಂದ.

ಅದು ನಡೆಯಲಿಲ್ಲ. ಚಿಗವ್ವ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು.

"ಊರಾಗಿನ ಸತ್ತವರೆಲ್ಲಾ ನಿಮ್ಮಣ್ಣನ ಕಣ್ಣಿಂದನ ನೋಡ್ತಾರ. ಗುರುತ ಹತ್ತೂದಿಲ್ಲೇನು ನನಗ? ಇವು ಅವನು ಬರದ ಕಣ್ಣಲ್ಲ. ಇವರವs ಇವು."

ಫೋಟೋದಿಂದ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು.

"ಖರೇ ಹೇಳ್ರಿ ತಮ್ಮಗೋಳ್ರ್ಯಾ. ಮಣ್ಣಾಗ ಇಡೂಮುಂದ ಜೀವ ಇತ್ತೇನು?"

ಹಣೆಯ ಬಟ್ಟೆ ಚರ್ಮ ಜಗ್ಗಿರಬೇಕು, ಆ ಒಂದು ಸೆಕೆಂಡಿನಲ್ಲಿ ರೆಪ್ಪೆ ಮೇಲೆ ಸರಿದಿರಬೇಕು ಅಂದೆ. ನನ್ನ ಕಿವಿಗೇ ಅದು ನಂಬುವ ಮಾತಾಗಿ ಕೇಳಲಿಲ್ಲ. ಮರುದಿನ ಮಧ್ಯಾಹ್ನ ಕ್ಯಾಮೆರಾ ತಂದು, ಅದೇ ಗೋಡೆಗೆ ಆತು ಕೂತೆ.

"ಅಲ್ಲಿ ಕೂಡಬ್ಯಾಡ" ಅಂದಳು.

"ಕೂತs ತೋರಸ್ತೇನಿ."

ಅಣ್ಣ ನನ್ನ ಹಣೆಗೆ ಬಟ್ಟೆ ಕಟ್ಟಿ ಗೂಟಕ್ಕೆ ಬಿಗಿದ. ನಾನು ಕಣ್ಣು ಮುಚ್ಚಿದೆ. ಅಣ್ಣ ಕ್ಯಾಮೆರಾದ ಹತ್ತಿರ ಹೋದದ್ದು, ಚಿಗವ್ವ "ಅತ್ತಾಗ ಸರಿ, ನಾ ನೋಡ್ತೇನಿ" ಅಂದದ್ದು ಕೇಳಿತು.

"ಏನೂ ಇಲ್ಲಲ್ಲೋ, ಬರೇ ಮಂಜು."

"ಹತ್ತರ ತಗೋ, ಚಿಗವ್ವ" ಅಂದೆ.

ಸ್ಟ್ಯಾಂಡಿನ ಕಾಲು ನೆಲಕ್ಕೆ ಉಜ್ಜಿತು. "ಹಾಂ. ಬಂದಿ" ಅಂದಳು. ಬಟ್ಟೆ ಹಣೆಯನ್ನು ಮೇಲಕ್ಕೆ ಜಗ್ಗುತ್ತಿತ್ತು. ಅಡಿಗೆಮನೆಯಲ್ಲಿ ಯಾವುದೋ ಪಾತ್ರೆ ತಾನಾಗಿ ಜಾರಿದಂತೆ ಸಪ್ಪಳವಾಯಿತು.

"ತೆರದ್ವು" ಅಂದಳು ಚಿಗವ್ವ. "ನೀ ತೆರದೇನು?"

"ಇಲ್ಲ. ತಾವs ತೆರದ್ವು."

ಅವಳು ನೆಲಕ್ಕೆ ಕೂತು ಉಸಿರು ಬಿಟ್ಟಳು. ಸಾವಿನ ದಿನವೂ ಅಳದವಳು ಆಗ ಅತ್ತಳು.

ನಾನು ತೆರೆಯಲಿಲ್ಲವೆಂದೇ ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಆದರೆ ಆ ಮಧ್ಯಾಹ್ನದ ಒಂದು ಚಿತ್ರ ನನ್ನಲ್ಲಿದೆ: ಚಷ್ಮಾ ಹಣೆಗೇರಿಸಿ ಕ್ಯಾಮೆರಾಕ್ಕೆ ಬಗ್ಗಿದ ಚಿಗವ್ವ, ಸ್ಟ್ಯಾಂಡನ್ನು ಹಿಡಿದ ಅವಳ ಬೋಳು ಕೈ. ಅವಳು "ತೆರದ್ವು" ಅನ್ನುವ ಮೊದಲಿನದು. ಬಟ್ಟೆ ಜಗ್ಗಿತೋ, ನಾನೇ ನೋಡಿದೆನೋ, ಆಮೇಲೆ ಕಟ್ಟಿಕೊಂಡೆನೋ ಗೊತ್ತಿಲ್ಲ. ದಾರಿಯಲ್ಲಿ ಅಣ್ಣ ಮಾತ್ರ ಕೇಳಿದ, "ಖರೇನ ತಾವs ತೆರದ್ವೇನು?" ನಾನು ಬಸ್ಸು ಬಂತು ಅಂದೆ.

ಕೆಲವು ದಿನಗಳ ಮೇಲೆ ಚಿಗವ್ವ ಫೋಟೋ ಹಿಡಿದು ಸ್ಟುಡಿಯೋಕ್ಕೇ ಬಂದಳು. "ಎಲ್ಲಾರೂ ತೆರಸಾಕ ಬರ್ತಾರ. ನನಗ ಮುಚ್ಚಿಕೊಡು" ಅಂದಳು. ಅಣ್ಣ ಅಂಥ ಕೆಲಸ ಹಿಂದೆ ಮಾಡಿರಲಿಲ್ಲ. ಚರ್ಮದ ಬಣ್ಣ ಕಲೆಸಿ, ಗುಡ್ಡೆಗಳ ಮೇಲೆ ಎರಡು ರೆಪ್ಪೆ ಎಳೆದ. ಆರುವ ಮೊದಲೇ ಅವಳು ಬೆರಳು ತಂದಳು, ಅವನು ತಡೆದ.

ನೀರುಬಣ್ಣ ಅದು. ರಾಯಾಪುರದ ಆ ಗೋಡೆಗೆ ಬಿಸಿಲು ಬೀಳುತ್ತಿತ್ತು. ಎರಡು ಬೇಸಿಗೆ ಕಳೆಯುವುದರೊಳಗೆ ರೆಪ್ಪೆ ತೆಳುವಾಗಿ, ಕೆಳಗಿನ ಗುಡ್ಡೆ ಮಸುಕಾಗಿ ಮೇಲೆ ಬರುತ್ತಿತ್ತು. ಆಗ ಚಿಗವ್ವ ಫೋಟೋವನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಬಂದು, ಅಣ್ಣನ ಮೇಜಿನ ಮೇಲೆ ಮೆಲ್ಲಗೆ ಇಡುತ್ತಿದ್ದಳು.

"ಮತ್ತ ಎಚ್ಚರಾಗ್ಯಾರ ನೋಡು" ಅನ್ನುತ್ತಿದ್ದಳು, ನಗದೆ.